ಬಿಸ್ಬಿಯ ಕಾಪರ್ ಕ್ವೀನ್ ಹೋಟೆಲಿನಲ್ಲಿ ಒಂದು ರಾತ್ರಿ: ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ವಿದ್ಯಾ_ಚಾಂಡ್ಲರ್

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಅರಿಝೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿದ್ದೇವೆ. ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿದ್ದಾರೆ. ಗ್ರ್ಯಾಂಡ್ ಕ್ಯಾನಿಯನ್ ಆಯಿತು, ಸೆಡೋನಾ ಆಯಿತು. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವರು. "ಬಂಡೆಗಳನ್ನೆಲ್ಲ ತೋರಿಸಿದೆಯಮ್ಮ, ಇನ್ನು ಮನುಷ್ಯರು ಬದುಕಿದ ಊರು ಒಂದನ್ನಾದರೂ ತೋರಿಸು" ಎಂದು ಊಟದ ಹೊತ್ತಿನಲ್ಲಿ ಸುಮ್ಮನೆ ಅಂದುಬಿಟ್ಟರು. ಅಂದಿನಿಂದ ಹುಡುಕುತ್ತಿದ್ದೇನೆ.

ನನ್ನ ಯಜಮಾನರು ಬಿಸ್ಬಿ ಎಂಬ ಹಳೆಯ ತಾಮ್ರದ ಗಣಿ ಊರಿನ ಹೆಸರು ಹೇಳಿದರು. ಅಲ್ಲಿ 1902ರಲ್ಲಿ ತೆರೆದ ಕಾಪರ್ ಕ್ವೀನ್ ಎಂಬ ಹೋಟೆಲ್ ಇದೆಯಂತೆ, ಈಗಲೂ ಅದರಲ್ಲಿ ಉಳಿದುಕೊಳ್ಳಬಹುದಂತೆ. ಅಪ್ಪನಿಗೆ ಚಿತ್ರ ತೋರಿಸಿದೆ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅಮ್ಮನದು ಬೇರೆ ಕಥೆ. ಆ ಹೋಟೆಲಿನಲ್ಲಿ ದೆವ್ವ ಇದೆ ಎಂಬ ವಿಡಿಯೋ ಒಂದನ್ನು ನನ್ನ ಮಗ ಅಜ್ಜಿಗೆ ತೋರಿಸಿಬಿಟ್ಟಿದ್ದಾನೆ. "ದುಡ್ಡು ಕೊಟ್ಟು ದೆವ್ವದ ಮನೆಯಲ್ಲಿ ಮಲಗುವ ಕರ್ಮ ನನಗೇಕೆ" ಎನ್ನುತ್ತಿದ್ದಾರೆ. ಜೊತೆಗೆ ಅವರಿಗೆ ಮಂಡಿನೋವು. ಊರಿನ ತುಂಬ ಮೆಟ್ಟಿಲುಗಳೇ ಎಂದು ಓದಿದೆ.

ನವೆಂಬರ್ ಮೊದಲ ವಾರ ಹೋಗುವ ಯೋಚನೆ. ಆ ಹೋಟೆಲಿನಲ್ಲೇ ಉಳಿಯುವುದರಲ್ಲಿ ಏನಾದರೂ ಅರ್ಥವಿದೆಯೇ, ಅಥವಾ ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಕೇ? ಗಣಿಯೊಳಗೆ ಅಮ್ಮ ಹೋಗಬಹುದೇ? ನಾವು ಶುದ್ಧ ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕಳ್ಳಿಗಿಡದ_ಭಟ್ಟ

ನನ್ನ ಅಭಿಪ್ರಾಯ ಕೇಳಿದರೆ ಬೇಡ. "ಐತಿಹಾಸಿಕ" ಎಂದು ಫಲಕ ಹಾಕಿದ ಹೋಟೆಲುಗಳ ವಿಷಯದಲ್ಲಿ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಬೇರೊಂದು ರಾಜ್ಯದ ಬೆಳ್ಳಿ ಗಣಿ ಊರಿನಲ್ಲಿ ಇಂಥದ್ದೇ ಹೋಟೆಲಿನಲ್ಲಿ ಉಳಿದಿದ್ದೆವು, ಹೆಸರು ಬೇಡ. ಪಕ್ಕದ ಕೋಣೆಯವರು ಕೆಮ್ಮಿದರೆ ನಮಗೆ ಎಚ್ಚರ. ರಾತ್ರಿಯಿಡೀ ಬಿಸಿ ನೀರಿನ ಕೊಳವೆ ಟಕಟಕ ಎನ್ನುತ್ತಿತ್ತು. ಸ್ನಾನದ ಮನೆಯಲ್ಲಿ ತಿರುಗಲು ಜಾಗವಿಲ್ಲ, ಕಾಲು ಎತ್ತಿ ಇಳಿಯಬೇಕಾದ ಹಳೆಯ ತೊಟ್ಟಿ ಬೇರೆ. ಬೆಳಿಗ್ಗೆ ಲೆಕ್ಕ ಕೊಡುವಾಗ ಮಾತ್ರ ಎಲ್ಲವೂ ಈ ಶತಮಾನದ್ದು.

ಮಂಡಿನೋವಿನವರನ್ನು ಕರೆದುಕೊಂಡು ಹೋಗುತ್ತಿದ್ದೀರಿ. ಸಿಯೆರಾ ವಿಸ್ಟಾದಲ್ಲಿ ಒಳ್ಳೆಯ ಸಾಧಾರಣ ಮೋಟೆಲುಗಳಿವೆ, ಅಲ್ಲಿಂದ ಬಿಸ್ಬಿಗೆ ಅರ್ಧ ಗಂಟೆಯ ಮೇಲೆ ಸ್ವಲ್ಪ. ಹಗಲು ಊರು ನೋಡಿ, ರಾತ್ರಿ ನೆಮ್ಮದಿಯಾಗಿ ಮಲಗಿ.

ಹಳೆಯ_ಸರ್ವೇಯರ್

ವಿದ್ಯಾ, ಭಟ್ಟರ ಮಾತಿನಲ್ಲಿ ಅರ್ಧ ಸರಿ. ಹಾಸಿಗೆ, ಬಿಸಿನೀರು, ಟಿವಿ ಇಷ್ಟೇ ಲೆಕ್ಕವಾದರೆ ಹೆದ್ದಾರಿ ಬದಿಯ ಮೋಟೆಲೇ ಲೇಸು. ಆದರೆ ನಿಮ್ಮ ತಂದೆ ಕೇಳಿದ್ದು ಹಾಸಿಗೆಯನ್ನಲ್ಲ. ಅವರಿಗಾಗಿ ನಾನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ನಿವೃತ್ತನಿಗೆ ಬೇರೆ ಕೆಲಸವಿಲ್ಲ.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ನಮ್ಮ ತಂದೆ ನಂದಿದುರ್ಗ ಗಣಿಯಲ್ಲಿದ್ದರು. ನಾನು ಗಣಿಯ ಸರ್ವೇ ಕೆಲಸ ಕಲಿತು, ತಿರುಗಿ ತಿರುಗಿ, ಕೊನೆಗೆ ಅರಿಝೋನಾದ ತಾಮ್ರಕ್ಕೆ ಬಂದು ನಿಂತೆ. ಈಗ ಮನೆ ಟೂಸಾನ್‌ನಲ್ಲಿ. ಬಂಧುಗಳು ಯಾರೇ ಬಂದರೂ ಬಿಸ್ಬಿಗೆ ಎಳೆದುಕೊಂಡು ಹೋಗುವುದು ನನ್ನ ಚಾಳಿ. ಅವರು ಸಹಿಸಿಕೊಳ್ಳುತ್ತಾರೆ.

ಗಣಿ ಊರಿನಲ್ಲಿ ದೊಡ್ಡ ಹೋಟೆಲ್ ಯಾರಿಗಾಗಿ ಕಟ್ಟುತ್ತಾರೆ ಎಂಬುದನ್ನು ಮೊದಲು ತಂದೆಯವರಿಗೆ ಕೇಳಿ. ಗಣಿಯಲ್ಲಿ ದುಡಿಯುವವನಿಗಂತೂ ಅಲ್ಲ. ಅವನಿಗೆ ಬೆಟ್ಟದ ಮೇಲಿನ ಹಲಗೆ ಮನೆ, ಇಲ್ಲವೇ ಪಾಳಿಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಮಂಚ. ಕಾಪರ್ ಕ್ವೀನ್ ಹೋಟೆಲನ್ನು ಕಟ್ಟಿಸಿದ್ದು ಫೆಲ್ಪ್ಸ್ ಡಾಜ್ ಎಂಬ ಸಂಸ್ಥೆಯ ಒಡೆತನದ ಗಣಿ ಕಂಪನಿ. 1898ರಲ್ಲಿ ಕೆಲಸ ಆರಂಭಿಸಿ 1902ರಲ್ಲಿ ತೆರೆದರು. ನ್ಯೂಯಾರ್ಕಿನಿಂದ ಬರುವ ಹೂಡಿಕೆದಾರರು, ಇಂಜಿನಿಯರರು, ರಾಜಕಾರಣಿಗಳು ಈ ಕಣಿವೆಯಲ್ಲಿ ಕಾಲಿಟ್ಟಾಗ ಮೂಗು ಮುರಿಯಬಾರದು ಎಂಬುದೇ ಉದ್ದೇಶ. ಮೂಗು ಮುರಿಯಲು ಕಾರಣಗಳು ಬೇಕಾದಷ್ಟಿದ್ದವು. ಆಗ ಅದಿರು ಕರಗಿಸುವ ಕುಲುಮೆಗಳು ಊರಿನೊಳಗೇ ಇದ್ದವು, ಗಂಧಕದ ಹೊಗೆ ಕಣಿವೆಯಲ್ಲಿ ಕಟ್ಟಿಕೊಳ್ಳುತ್ತಿತ್ತು. ಚರಂಡಿ ಸರಿಯಿಲ್ಲದೆ ಟೈಫಾಯ್ಡ್ ಮತ್ತೆ ಮತ್ತೆ ಬರುತ್ತಿತ್ತು. ಕುಲುಮೆಯನ್ನು ಡಗ್ಲಸ್ ಎಂಬ ಊರಿಗೆ ಸ್ಥಳಾಂತರಿಸಿದ್ದು ಹೋಟೆಲ್ ತೆರೆದ ಮೇಲೆಯೇ. ಅಂದರೆ ಮೊದಲ ಅತಿಥಿಗಳು ಬಿಳಿ ಮೇಜುಬಟ್ಟೆಯ ಮುಂದೆ ಕುಳಿತು ಆ ಹೊಗೆಯನ್ನೇ ಕುಡಿದಿದ್ದಾರೆ.

(ಅದೇ 1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೋಲಾರದ ಗಣಿಗಳಿಗೆ ವಿದ್ಯುತ್ ಬಂದದ್ದು. ಜಗತ್ತಿನಲ್ಲೆಲ್ಲ ಹೀಗೆ ತಂತಿ ಎಳೆಯುತ್ತಿದ್ದ ಕಾಲ ಅದು, ತಾಮ್ರಕ್ಕೆ ಬೇಡಿಕೆ ಏರಿದ್ದೂ ಅದಕ್ಕೇ. ತಂದೆಯವರು ಮೇಷ್ಟರಾದ್ದರಿಂದ ಹೇಳಿದೆ.)

ಹೋಟೆಲಿನ ಮುಂದೆ ಕುರ್ಚಿ ಹಾಕಿರುತ್ತಾರೆ. ಸಂಜೆ ಅಲ್ಲಿ ಕುಳಿತರೆ ಕಂಪನಿಯ ಇಡೀ ಸಂಸಾರ ಕೂಗಳತೆಯಲ್ಲಿದೆ. ಕೆಳಗಿನ ಕೆಂಪು ಇಟ್ಟಿಗೆಯ ಕಟ್ಟಡ 1897ರ ಕಂಪನಿ ಕಚೇರಿ, ಈಗ ಗಣಿ ಮತ್ತು ಇತಿಹಾಸದ ವಸ್ತುಸಂಗ್ರಹಾಲಯ. ಆಚೆಗಿನದು ಅಂಚೆ ಕಚೇರಿ ಮತ್ತು ಗ್ರಂಥಾಲಯ ಎರಡೂ ಇರುವ ಕಟ್ಟಡ. ಗ್ರಂಥಾಲಯವನ್ನು 1882ರಲ್ಲಿ ಕಂಪನಿಯೇ ಆರಂಭಿಸಿತು. ಕಂಪನಿಗೇ ಸೇರಿದ ಅಂಗಡಿ ಇತ್ತು, ಆಸ್ಪತ್ರೆ ಇತ್ತು. ಕೂಲಿ ಕೊಡುವವನೂ, ಅಕ್ಕಿಬೇಳೆ ಮಾರುವವನೂ, ಔಷಧ ಕೊಡುವವನೂ ಒಬ್ಬನೇ ಆದರೆ ಊರು ಹೇಗಿರುತ್ತದೆ ಎಂಬುದನ್ನು ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲೂ ಕ್ಲಬ್ ಇತ್ತು, 1885ರದು, ಬಿಳಿಯರಿಗಾಗಿ ಕಟ್ಟಿದ್ದು. ನಮ್ಮಜ್ಜ ಅದರ ಬೇಲಿಯ ಹೊರಗಿನಿಂದ ಕಂಡಷ್ಟೇ ಕಂಡದ್ದು.

ಈಗ ಮುಖ್ಯ ಮಾತು. ಹೋಟೆಲಿನ ಪ್ರಚಾರ ಪತ್ರಗಳು ಯಾವ ನಟ ಯಾವ ಕೋಣೆಯಲ್ಲಿ ಉಳಿದಿದ್ದ ಎಂಬುದನ್ನು ಹೇಳುತ್ತವೆ. ನಿಮ್ಮ ತಂದೆಗೆ ನೀವು ಹೇಳಬೇಕಾದದ್ದು 1917ರ ಜುಲೈ 12ರ ಬೆಳಗಿನ ಜಾವದ ವಿಷಯ.

ಆ ವರ್ಷ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದಿತ್ತು, ತಾಮ್ರದ ಬೆಲೆ ಮುಗಿಲು ಮುಟ್ಟಿತ್ತು. ಜೂನ್ ಕೊನೆಯಲ್ಲಿ ಬಿಸ್ಬಿಯ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಸುರಕ್ಷತೆ, ಕೂಲಿ, ಸಂಘ ಸೇರಿದವರ ಮೇಲಿನ ತಾರತಮ್ಯ ಇವೇ ಬೇಡಿಕೆಗಳು. ಎಲ್ಲ ಗಣಿ ಊರುಗಳಲ್ಲೂ ಇವೇ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ, ಹ್ಯಾರಿ ವೀಲರ್ ಸುಮಾರು ಎರಡು ಸಾವಿರ ಜನರಿಗೆ ಅಧಿಕಾರ ಕೊಟ್ಟು, ತೋಳಿಗೆ ಬಿಳಿ ಪಟ್ಟಿ ಕಟ್ಟಿಸಿ, ಬಂದೂಕು ಹಿಡಿಸಿ ಬೀದಿಗಿಳಿಸಿದ. ಮನೆಮನೆಯಿಂದ, ಬಾಡಿಗೆ ಕೋಣೆಗಳಿಂದ ಜನರನ್ನು ಎಬ್ಬಿಸಿ ಹೊರಗೆಳೆದರು. ಮುಷ್ಕರದಲ್ಲಿ ಇಲ್ಲದವರೂ ಸಿಕ್ಕಿಬಿದ್ದರು. ಎಲ್ಲರನ್ನೂ ವಾರನ್ ಬಡಾವಣೆಯ ಬೇಸ್‌ಬಾಲ್ ಮೈದಾನಕ್ಕೆ ನಡೆಸಿಕೊಂಡು ಹೋದರು. ಅಲ್ಲಿ "ಮುಷ್ಕರ ಬಿಟ್ಟು ಕೆಲಸಕ್ಕೆ ಬರುತ್ತೀಯೋ ಇಲ್ಲವೋ" ಎಂಬ ಪ್ರಶ್ನೆ. ಒಪ್ಪದ ಸುಮಾರು 1,200 ಮಂದಿಯನ್ನು ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿದರು. ಡಬ್ಬಿಗಳಲ್ಲಿ ಸಗಣಿ ಇನ್ನೂ ಇತ್ತು. ಜುಲೈ ತಿಂಗಳ ಮರುಭೂಮಿಯಲ್ಲಿ ಸುಮಾರು 200 ಮೈಲಿ ಸಾಗಿಸಿ, ನ್ಯೂ ಮೆಕ್ಸಿಕೋದ ಹರ್ಮಾನಸ್ ಎಂಬ ಕಡೆ ಇಳಿಸಿ, ತಿರುಗಿ ಬಂದರೆ ಜೋಕೆ ಎಂದರು. ಸುದ್ದಿ ಹೊರಗೆ ಹೋಗದಂತೆ ಟೆಲಿಗ್ರಾಫ್ ಮತ್ತು ಟೆಲಿಫೋನನ್ನೂ ತಡೆದಿದ್ದರು.

ಹೀಗೆ ಹೊರಹಾಕಿದವರಲ್ಲಿ ಬಹಳ ಮಂದಿ ವಲಸೆಗಾರರು, ಮೆಕ್ಸಿಕೋದವರು, ಪೂರ್ವ ಯೂರೋಪಿನವರು. ಶಿಕ್ಷೆ ಯಾರಿಗಾಯಿತು ಎಂದು ತಂದೆಯವರು ಕೇಳಿಯೇ ಕೇಳುತ್ತಾರೆ. ಯಾರಿಗೂ ಆಗಲಿಲ್ಲ. ಅಧ್ಯಕ್ಷರು ನೇಮಿಸಿದ ಆಯೋಗ ಇದು ಕಾನೂನುಬಾಹಿರ ಎಂದಿತು, ಆದರೆ 1920ರಲ್ಲಿ ಸುಪ್ರೀಂ ಕೋರ್ಟು ಇದು ಕೇಂದ್ರದ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ, ರಾಜ್ಯ ನೋಡಿಕೊಳ್ಳಬೇಕು ಎಂದು ಕೈತೊಳೆದುಕೊಂಡಿತು. ರಾಜ್ಯ ನೋಡಿಕೊಂಡ ಬಗೆ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು. ಆ ಕಾಲದ ಬಿಸ್ಬಿಯಲ್ಲಿ ಚೀನೀಯರು ಸೂರ್ಯ ಮುಳುಗಿದ ಮೇಲೆ ಇರುವಂತಿರಲಿಲ್ಲ. ತರಕಾರಿ ಮಾರಲು ಬಂದವರು ಸಂಜೆಯೊಳಗೆ ಊರು ಬಿಡಬೇಕು. ಬರೆದಿಟ್ಟ ಕಾನೂನಲ್ಲ, ಆದರೂ ನಡೆಯುತ್ತಿತ್ತು. ನಮ್ಮ ಭಾರತದವರಿಗೆ ಅಮೆರಿಕದ ಬಾಗಿಲು ಮುಚ್ಚಿದ ವಲಸೆ ಕಾಯಿದೆ ಬಂದದ್ದೂ ಅದೇ 1917ರಲ್ಲಿ. ಶಿವಮೊಗ್ಗದ ಮೇಷ್ಟರೊಬ್ಬರು ಆ ಹೋಟೆಲಿನ ಅಂಗಳದಲ್ಲಿ ಕಾಫಿ ಹಿಡಿದು ಕೂರುವುದಕ್ಕೆ ಬೆಲೆ ಇದೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಸಿಯೆರಾ ವಿಸ್ಟಾದ ಮೋಟೆಲಿನಲ್ಲಿ ಅದು ಆಗುವುದಿಲ್ಲ, ಭಟ್ಟರೇ.

ಗಣಿಯೊಳಗೆ ಹೋಗುವ ವಿಚಾರ. ಭೂಗತ ಗಣಿಗಳು 1975ರಲ್ಲಿ ಮುಚ್ಚಿದವು, ಮರುವರ್ಷವೇ ಊರಿನವರು ಕ್ವೀನ್ ಗಣಿಯನ್ನು ಪ್ರವಾಸಿಗರಿಗೆ ತೆರೆದರು. ತಲೆಗೆ ಟೊಪ್ಪಿ, ಮೈಗೆ ಅಂಗಿ, ಕೈಗೆ ದೀಪ ಕೊಡುತ್ತಾರೆ. ಚಿಕ್ಕ ರೈಲು 1,500 ಅಡಿ ಒಳಗೆ ಕರೆದೊಯ್ಯುತ್ತದೆ. ರೈಲೆಂದರೆ ಹಲಗೆಯ ಬೆಂಚು, ಎರಡೂ ಕಡೆ ಕಾಲು ಹಾಕಿ ಕುದುರೆ ಸವಾರಿಯ ಭಂಗಿಯಲ್ಲಿ ಕೂರಬೇಕು. ಆದ್ದರಿಂದ ಅಮ್ಮ ಅಂದು ಸೀರೆ ಉಡುವುದು ಬೇಡ, ಚೂಡಿದಾರ ಇರಲಿ. ಒಳಗೆ ವರ್ಷವಿಡೀ 47 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 8 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕೆಜಿಎಫ್‌ನ ಆಳದಲ್ಲಿ ಬಂಡೆಯೇ ಮೈ ಸುಡುವಷ್ಟು ಕಾದಿರುತ್ತಿತ್ತು, ತಣ್ಣನೆಯ ಗಾಳಿಯನ್ನು ಮೇಲಿನಿಂದ ಇಳಿಸಬೇಕಾಗಿತ್ತು. ಅದನ್ನು ಬಲ್ಲ ನನಗೆ ಸ್ವೆಟರ್ ಹಾಕಿಕೊಂಡು ಗಣಿಗೆ ಹೋಗುವುದು ಈಗಲೂ ತಮಾಷೆಯಾಗಿ ಕಾಣುತ್ತದೆ. ಒಂದು ಕಡೆ ಅದಿರು ತೆಗೆದ ಪೊಟರೆ ನೋಡಲು ಮೆಟ್ಟಿಲು ಹತ್ತಿಸುತ್ತಾರೆ, ಆಗದವರು ಕೆಳಗೆ ಉಳಿಯಬಹುದು. ಟಿಕೆಟನ್ನು ಮುಂಚೆಯೇ ಕಾಯ್ದಿರಿಸಿ.

ಲ್ಯಾವೆಂಡರ್ ಪಿಟ್ ಎಂಬ ತೆರೆದ ಗಣಿಯನ್ನು ರಸ್ತೆ ಬದಿಯಿಂದಲೇ ನೋಡಬಹುದು. ಆಳ ಸುಮಾರು 900 ಅಡಿ. ಅದನ್ನು ತೋಡಿದ್ದು 1950ರ ದಶಕದಿಂದ 1974ರ ತನಕ, ಲೊವೆಲ್ ಎಂಬ ಪಕ್ಕದ ಊರಿನ ಬಹುಭಾಗವನ್ನು ಅದು ನುಂಗಿತು. ಉಳಿದ ಒಂದು ಬೀದಿಯಲ್ಲಿ ಹಳೆಯ ಕಾರುಗಳನ್ನು ನಿಲ್ಲಿಸಿ ಚಿತ್ರದಂತೆ ಇಟ್ಟುಕೊಂಡಿದ್ದಾರೆ. ಅಲ್ಲಿ ಹತ್ತು ನಿಮಿಷ ಸಾಕು, ಪಿಟ್ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು.

ವಿದ್ಯಾ_ಚಾಂಡ್ಲರ್

ಸರ್, ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ದನದ ಡಬ್ಬಿಯ ವಿಷಯ ಬಂದಾಗ "ಇನ್ನೊಮ್ಮೆ ಓದು" ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆ: ಆ ಊರಿನವರು ಈಗ ಇದನ್ನು ಒಪ್ಪಿಕೊಳ್ಳುತ್ತಾರೆಯೇ, ಅಥವಾ ಮುಚ್ಚಿಡುತ್ತಾರೆಯೇ?

ಅಮ್ಮನ ಪ್ರಶ್ನೆ ಇನ್ನೂ ಹಾಗೆಯೇ ಇದೆ. ದೆವ್ವದ ಬಗ್ಗೆ ನೀವು ಒಂದು ಮಾತೂ ಹೇಳಲಿಲ್ಲ ಎಂದು ಅನುಮಾನ ಪಡುತ್ತಿದ್ದಾರೆ.

ಸುಮಾ_ಸಿಯೆರಾ

ವಿದ್ಯಾ, ನಾನು ಸಿಯೆರಾ ವಿಸ್ಟಾದಲ್ಲಿ ನರ್ಸ್ ಆಗಿದ್ದೇನೆ, ಬಿಸ್ಬಿ ನಮಗೆ ಪಕ್ಕದ ಊರು. ಇತಿಹಾಸ ಸರ್ವೇಯರ್ ಸರ್ ಪಾಲಿಗೆ ಇರಲಿ. ನಾನು ಮಂಡಿ, ಹೊಟ್ಟೆ ಮತ್ತು ಕಾಗದಪತ್ರದ ಬಗ್ಗೆ ಹೇಳುತ್ತೇನೆ.

ಕಾಗದಪತ್ರ ಮೊದಲು, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಬಿಸ್ಬಿಯಿಂದ ಮೆಕ್ಸಿಕೋ ಗಡಿ ಹತ್ತು ಮೈಲಿ ಆಸುಪಾಸು. ಹಿಂದಿರುಗುವಾಗ 80ನೇ ಹೆದ್ದಾರಿಯಲ್ಲಿ ಟೂಂಬ್‌ಸ್ಟೋನ್ ದಾಟಿದ ಮೇಲೆ ಗಡಿ ಕಾವಲು ಪಡೆಯ ತಪಾಸಣಾ ಠಾಣೆ ಸಿಗುತ್ತದೆ. ನೀವು ಗಡಿ ದಾಟಿರಬೇಕಾಗಿಲ್ಲ, ಆ ರಸ್ತೆಯಲ್ಲಿ ಬರುವ ಎಲ್ಲರನ್ನೂ ಕೇಳಬಹುದು. ಅಪ್ಪ ಅಮ್ಮನ ಪಾಸ್‌ಪೋರ್ಟ್, ವೀಸಾ, ಐ-94 (ದೇಶದೊಳಗೆ ಬಂದ ದಾಖಲೆ) ಮುದ್ರಿತ ಪ್ರತಿ ಕೈಚೀಲದಲ್ಲೇ ಇರಲಿ, ನಿಮ್ಮದೂ ಕೂಡ. ಪೌರತ್ವ ಇಲ್ಲದ ವಯಸ್ಕರು ಇಂಥ ದಾಖಲೆಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕೆಂದು ಕಾನೂನೇ ಇದೆ. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟರೆ ಸಾಮಾನ್ಯವಾಗಿ ಒಂದು ನಿಮಿಷದ ಕೆಲಸ. ಅಮ್ಮ ಗಾಬರಿಯಾಗದಂತೆ ಮೊದಲೇ ತಿಳಿಸಿಬಿಡಿ. ಗಡಿಯ ಆಚೆ ನಾಕೋ ಎಂಬ ಊರಿದೆ, ಒಂದು ಹೆಜ್ಜೆ ಇಟ್ಟು ಬರೋಣ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮಂಡಿ. ಹಳೆಯ ಬಿಸ್ಬಿ ಎಂದರೆ ಕಡಿದಾದ ಕಣಿವೆ. ಮನೆಗಳು ಒಂದರ ಸೂರಿನ ಮೇಲೆ ಇನ್ನೊಂದರ ಹೊಸ್ತಿಲು ಎಂಬಂತೆ ಏರುತ್ತವೆ. ಆ ಕಾಂಕ್ರೀಟ್ ಮೆಟ್ಟಿಲುಗಳಲ್ಲಿ ಬಹಳಷ್ಟು 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರಿ ಉದ್ಯೋಗ ಯೋಜನೆಯಲ್ಲಿ ಕಟ್ಟಿದವು. ಅಕ್ಟೋಬರಿನಲ್ಲಿ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತುವ ಸ್ಪರ್ಧೆಯನ್ನೇ ನಡೆಸುತ್ತಾರೆ, ಆ ವಾರಾಂತ್ಯ ಕೋಣೆ ಸಿಗುವುದು ಕಷ್ಟ. ನೀವು ನವೆಂಬರ್ ಎಂದದ್ದು ಒಳ್ಳೆಯದಾಯಿತು. ಅಮ್ಮ ಮೆಟ್ಟಿಲುಗಳ ತಂಟೆಗೆ ಹೋಗದೆ ಮುಖ್ಯ ಬೀದಿಯಲ್ಲೇ ಓಡಾಡಬಹುದು, ಅದೂ ಸ್ವಲ್ಪ ಏರುಮುಖವೇ. ಹೋಟೆಲ್ ಬೀದಿಗಿಂತ ಎತ್ತರದಲ್ಲಿದೆ. ಅಮ್ಮನನ್ನೂ ಸಾಮಾನನ್ನೂ ಬಾಗಿಲ ಬಳಿ ಇಳಿಸಿ ಆಮೇಲೆ ಕಾರು ನಿಲ್ಲಿಸಿ. ಕೋಣೆ ಕಾಯ್ದಿರಿಸುವಾಗ ಫೋನಿನಲ್ಲೇ ಮಾತನಾಡಿ, ಮೂರು ವಿಷಯ ಕೇಳಿ: ಆ ಮಹಡಿಗೆ ಲಿಫ್ಟ್ ಇದೆಯೇ, ಸ್ನಾನಕ್ಕೆ ತೊಟ್ಟಿಯೋ ನೆಲಮಟ್ಟದ ಷವರೋ, ಮದ್ಯದಂಗಡಿಯ ಸದ್ದು ಕೇಳದ ಕೋಣೆ ಯಾವುದು. ಹಳೆಯ ಕಟ್ಟಡದಲ್ಲಿ ಒಂದು ಕೋಣೆಯ ಹಾಗೆ ಇನ್ನೊಂದು ಇರುವುದಿಲ್ಲ, ಜಾಲತಾಣದ ಚಿತ್ರ ನೋಡಿ ನಂಬಬೇಡಿ. ಭಟ್ಟರಿಗೆ ಆದದ್ದು ಹೀಗೆಯೇ ಇರಬೇಕು.

ಊರು ಐದೂವರೆ ಸಾವಿರ ಅಡಿ ಎತ್ತರದಲ್ಲಿದೆ. ಚಾಂಡ್ಲರ್‌ನಲ್ಲಿ ಸೆಕೆ ಇದ್ದರೂ ಅಲ್ಲಿ ನವೆಂಬರ್ ರಾತ್ರಿ ಚಳಿ. ಶಾಲು ಮರೆಯಬೇಡಿ.

ಹೊಟ್ಟೆ. ಮೆಕ್ಸಿಕನ್ ಅಡುಗೆ ಸಿಗುತ್ತದೆ, ಬೀನ್ಸ್ ಕಾಳು ಇಟ್ಟು ಸುತ್ತಿದ ರೊಟ್ಟಿ, ಬುರಿಟೋ, ಮೇಲ್ನೋಟಕ್ಕೆ ಸಸ್ಯಾಹಾರ. ಆದರೆ ಕಾಳನ್ನು ಹಂದಿ ಕೊಬ್ಬಿನಲ್ಲಿ ಬಾಡಿಸುವ ರೂಢಿ ಉಂಟು, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದೂ ಉಂಟು. "ಮಾಂಸ ಇದೆಯೇ" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. "ಕೊಬ್ಬು ಯಾವುದು, ನೀರಿನಲ್ಲಿ ಬೇಯಿಸಿದ್ದೇ" ಎಂದು ಕೇಳಬೇಕು. ಪಿಜ್ಜಾ, ಸಲಾಡ್, ಮೊಟ್ಟೆ ತಿನ್ನುವವರಿಗೆ ಬೆಳಗಿನ ತಿಂಡಿ ಇವಕ್ಕೆ ತೊಂದರೆಯಿಲ್ಲ. ನನ್ನ ಅತ್ತೆ ಬಂದಾಗ ಚಪಾತಿ, ಚಟ್ನಿಪುಡಿ, ಮೊಸರು ಕಾರಿನಲ್ಲೇ ಇದ್ದವು. ಯಾರೂ ಉಪವಾಸ ಬೀಳಲಿಲ್ಲ, ಯಾರೂ ಮುನಿಸಿಕೊಳ್ಳಲೂ ಇಲ್ಲ.

ಹಳೆಯ_ಸರ್ವೇಯರ್

ತಂದೆಯವರ ಪ್ರಶ್ನೆ ಚೆನ್ನಾಗಿದೆ. ಬಹಳ ಕಾಲ ಬಾಯಿ ಬಿಡುತ್ತಿರಲಿಲ್ಲ. ಓಡಿಸಿದವರ ಮಕ್ಕಳೂ ಓಡಿಸಲ್ಪಟ್ಟವರ ನೆಂಟರೂ ಒಂದೇ ಅಂಗಡಿಯಲ್ಲಿ ಹಾಲು ಕೊಳ್ಳುವ ಊರಿನಲ್ಲಿ ಅದು ಸಹಜವೇ. ಅಣ್ಣನನ್ನು ತಮ್ಮನೇ ಹಿಡಿದುಕೊಟ್ಟ ಮನೆಗಳೂ ಇದ್ದವು. ಈಗ ಹಾಗಿಲ್ಲ. 2017ರಲ್ಲಿ ನೂರು ವರ್ಷ ತುಂಬಿದಾಗ ಊರಿನವರೇ ಆ ದಿನವನ್ನು ಬೀದಿಯಲ್ಲಿ ಮರುನಟಿಸಿದರು. ವಸ್ತುಸಂಗ್ರಹಾಲಯದಲ್ಲಿ ಅಂದಿನ ಛಾಯಾಚಿತ್ರಗಳಿವೆ, ಸಾಲಾಗಿ ನಡೆಯುತ್ತಿರುವ ಜನ, ಡಬ್ಬಿ ಹತ್ತುತ್ತಿರುವ ಜನ. ಅವನ್ನು ನೋಡಿಯೇ ಮೈದಾನಕ್ಕೆ ಹೋಗಿ. ವಾರನ್ ಮೈದಾನ 1909ರದು, ಈಗಲೂ ಅಲ್ಲಿ ಬೇಸ್‌ಬಾಲ್ ಆಡುತ್ತಾರೆ.

ನಾನೇ ಗಮನಿಸಿದ ಒಂದು ಸೂಕ್ಷ್ಮವನ್ನೂ ಹೇಳುತ್ತೇನೆ. ಗಣಿ ಪ್ರವಾಸದಲ್ಲಿ ಯಂತ್ರ, ಸಿಡಿಮದ್ದು, ಹೇಸರಗತ್ತೆ ಇವೆಲ್ಲದರ ಕಥೆ ಧಾರಾಳವಾಗಿ ಬರುತ್ತದೆ. ಮುಷ್ಕರದ ಕಥೆಯನ್ನು ನೀವೇ ಕೇಳಿದರೆ ಬರುತ್ತದೆ. ಕೇಳಿ. ಮಾರ್ಗದರ್ಶಿಗಳಲ್ಲಿ ಹಿಂದೆಲ್ಲ ಗಣಿಯಲ್ಲೇ ದುಡಿದವರು ಇರುತ್ತಿದ್ದರು, ಅವರಿಗೆ ಮೇಷ್ಟರ ಪ್ರಶ್ನೆಗಳು ಇಷ್ಟವಾಗುತ್ತಿದ್ದವು.

ಇನ್ನು ಅಮ್ಮನವರ ದೆವ್ವ. ಬೇಕೆಂದೇ ಬಿಟ್ಟಿದ್ದೆ, ಈಗ ಹೇಳುತ್ತೇನೆ. ಹೋಟೆಲಿನ ಕಥೆಗಳ ಪ್ರಕಾರ ಅಲ್ಲಿ ಮೂವರಿದ್ದಾರೆ: ಜೂಲಿಯಾ ಎಂಬ ಹೆಂಗಸು, ಎತ್ತರದ ಗಂಡಸು, ಬಿಲ್ಲಿ ಎಂಬ ಚಿಕ್ಕ ಹುಡುಗ. ಅತಿಥಿಗಳು ತಮಗಾದ ಅನುಭವವನ್ನು ಬರೆಯಲೆಂದು ಪುಸ್ತಕವನ್ನೂ ಇಟ್ಟಿದ್ದಾರೆ. ಓದಿ ನೋಡಿ, ಬಹಳ ಮಂದಿಗೆ ಆಗಿರುವುದು ಬಾಗಿಲು ಕಿರುಗುಟ್ಟಿದ್ದು ಮತ್ತು ದೀಪ ಮಿಣುಕಿದ್ದು. ನೂರಿಪ್ಪತ್ತು ವರ್ಷದ ಕಟ್ಟಡದಲ್ಲಿ ಬಾಗಿಲು ಕಿರುಗುಟ್ಟದೇ ಇದ್ದರೆ ನಾನು ಹೆದರುತ್ತೇನೆ.

ಗಣಿಯವರಿಗೆ ಸದ್ದು ಬೇರೆಯ ವಿಷಯ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರು ಕೆಜಿಎಫ್‌ಗೂ ಬಂದರು, ಇಲ್ಲಿಗೂ ಬಂದರು. ಅವರ ನಂಬಿಕೆಯಲ್ಲಿ ಬಂಡೆಯೊಳಗೆ ಕುಳ್ಳ ಭೂತಗಳಿರುತ್ತವೆ, ಕುಸಿತಕ್ಕೆ ಮುಂಚೆ ಗೋಡೆ ಕುಟ್ಟಿ ಎಚ್ಚರಿಸುತ್ತವೆ. ಊಟದ ಬುತ್ತಿಯಲ್ಲಿ ಒಂದು ತುಣುಕನ್ನು ಅವಕ್ಕೆಂದು ಬಿಡುತ್ತಿದ್ದರು. ಭಾರ ಬಿದ್ದ ಮರದ ಆಸರೆ ಮುರಿಯುವ ಮುಂಚೆ ಟಪ್ ಟಪ್ ಎನ್ನುವುದು ನಿಜವಾದ ಸಂಗತಿ, ನಾನು ಕೇಳಿದ್ದೇನೆ. ಓಡಿದ್ದೇನೆ ಕೂಡ. ನಮ್ಮ ಕಡೆ ಬಂಡೆ ಸಿಡಿದರೆ ಮೇಲೆ ಮನೆಯಲ್ಲಿದ್ದ ಪಾತ್ರೆಗಳೂ ಅಲುಗುತ್ತಿದ್ದವು, ಹೆಂಗಸರು ಕೆಲಸ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಕಡೆ ನಡೆಯುತ್ತಿದ್ದರು. ಆ ಸದ್ದಿಗೆ ಹೆದರಿ ಬೆಳೆದವನಿಗೆ ಜೂಲಿಯಾಳ ಭಯ ಹತ್ತುವುದಿಲ್ಲ.

ಆದರೆ ವಾದ ಮಾಡಿ ಅಮ್ಮನನ್ನು ಒಪ್ಪಿಸಲು ಹೋಗಬೇಡಿ. ದೆವ್ವದ ಕಥೆಗಳು ಇಲ್ಲದ ಚಿಕ್ಕ ಅತಿಥಿಗೃಹಗಳೂ ಆ ಊರಿನಲ್ಲಿವೆ. ಹಳೆಯ ಗಣಿ ಮನೆಗಳನ್ನೇ ದುರಸ್ತಿ ಮಾಡಿ ಬಾಡಿಗೆಗೆ ಕೊಡುತ್ತಾರೆ. 1975ರ ನಂತರ ಕೆಲಸ ಹೋಗಿ ಜನ ಊರು ಬಿಟ್ಟಾಗ ಮನೆಗಳು ಕವಡೆ ಕಾಸಿಗೆ ಬಿಕರಿಯಾದವು, ಚಿತ್ರಕಾರರು, ಕುಶಲಕರ್ಮಿಗಳು, ಉದ್ದ ಕೂದಲಿನ ಹುಡುಗರು ಬಂದು ಕೊಂಡರು. ಊರು ಬದುಕಿದ್ದು ಅವರಿಂದ. ಕೆಜಿಎಫ್ 2001ರಲ್ಲಿ ಮುಚ್ಚಿದಾಗ ನಮಗೆ ಅಂಥವರು ಯಾರೂ ಬರಲಿಲ್ಲ, ನಮ್ಮವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ಹೋಟೆಲಿನಲ್ಲಿ ಸಂಜೆಯ ಕಾಫಿ ಮಾತ್ರ ಕುಡಿದು, ಮಲಗುವುದು ಬೇರೆ ಕಡೆ ಎಂದರೂ ತಂದೆಯವರ ಕೆಲಸ ಆಗುತ್ತದೆ. ಆದರೆ ರಾತ್ರಿ ಊರಿನಲ್ಲೇ ಇರಬೇಕು, ಇದೊಂದರಲ್ಲಿ ನಾನು ಬಗ್ಗುವುದಿಲ್ಲ. ಹಗಲಿನ ಪ್ರವಾಸಿಗಳು ಹೊರಟ ಮೇಲೆಯೇ ಆ ಕಣಿವೆ ಎಷ್ಟು ಇಕ್ಕಟ್ಟು ಎಂದು ತಿಳಿಯುವುದು.

ಕಳ್ಳಿಗಿಡದ_ಭಟ್ಟ

ಸರ್ವೇಯರ್ ಸರ್, ಇತಿಹಾಸ ಒಪ್ಪಿದೆ. ಆದರೆ ದನದ ಡಬ್ಬಿಯಲ್ಲಿ ಜನರನ್ನು ತುಂಬಿದ ಕಂಪನಿ ಕಟ್ಟಿಸಿದ ಹೋಟೆಲಿಗೇ ದುಡ್ಡು ಕೊಟ್ಟು ಮಲಗಿ ಎನ್ನುತ್ತೀರಲ್ಲ, ಇದು ಯಾವ ನ್ಯಾಯ?

ಹಳೆಯ_ಸರ್ವೇಯರ್

ಭಟ್ಟರೇ, ಹೋಟೆಲ್ ಆ ಕಂಪನಿಯ ಕೈ ಬಿಟ್ಟು ದಶಕಗಳಾದವು. ಫೆಲ್ಪ್ಸ್ ಡಾಜ್ ಕೂಡ ಈಗಿಲ್ಲ, 2007ರಲ್ಲಿ ಫ್ರೀಪೋರ್ಟ್ ಮ್ಯಾಕ್‌ಮೊರಾನ್ ಎಂಬ ಗಣಿ ಕಂಪನಿ ಅದನ್ನು ಕೊಂಡಿತು. ನೀವು ಕೊಡುವ ಬಾಡಿಗೆ ಈಗ ಅಲ್ಲಿ ಹಾಸಿಗೆ ಹಾಸುವವರ, ಕಾಫಿ ಕೊಡುವವರ ಸಂಬಳಕ್ಕೆ ಹೋಗುತ್ತದೆ. ಗಣಿ ಮುಚ್ಚಿದ ಊರಿನಲ್ಲಿ ಅದು ಸಣ್ಣ ಮಾತಲ್ಲ. ಆ ಲೆಕ್ಕ ಹಿಡಿದರೆ ನಿಮ್ಮ ಮನೆಯ ಗೋಡೆಯೊಳಗಿನ ತಂತಿಯನ್ನೂ ಕಿತ್ತು ಹಾಕಬೇಕಾಗುತ್ತದೆ. ಬಿಸ್ಬಿ ಒಂದೇ 800 ಕೋಟಿ ಪೌಂಡ್ ತಾಮ್ರ ಕೊಟ್ಟಿದೆ.

ವಿದ್ಯಾ_ಚಾಂಡ್ಲರ್

ನಿರ್ಧಾರ ಆಯಿತು. ಫೋನ್ ಮಾಡಿ ಸುಮಾ ಹೇಳಿದ ಮೂರೂ ಪ್ರಶ್ನೆ ಕೇಳಿದೆ, ತಾಳ್ಮೆಯಿಂದ ಉತ್ತರಿಸಿದರು. ಅಪ್ಪ ಮತ್ತು ನನ್ನ ಮಗ ಕಾಪರ್ ಕ್ವೀನ್‌ನಲ್ಲಿ, ಅಮ್ಮ ಮತ್ತು ನಾನು ಅಲ್ಲಿಂದ ಸ್ವಲ್ಪ ದೂರದ ಅತಿಥಿಗೃಹದಲ್ಲಿ. ನಮ್ಮ ಯಜಮಾನರು ಯಾವ ಕಡೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಜ್ಜನಿಗೆ ದೆವ್ವ ಸಿಕ್ಕರೆ 1917ರ ಬಗ್ಗೆ ವಿಚಾರಿಸುತ್ತಾರಂತೆ.

ಕೊನೆಯ ಪ್ರಶ್ನೆ. ಗಣಿಗೆ ಬೆಳಿಗ್ಗೆ ಹೋಗುವುದು ಒಳ್ಳೆಯದೋ ಮಧ್ಯಾಹ್ನವೋ? ಚಾಂಡ್ಲರ್‌ನಿಂದ ಹೊರಟು ಅದೇ ದಿನ ಮುಟ್ಟಬಹುದೇ?

ಸುಮಾ_ಸಿಯೆರಾ

ಮೂರು ಗಂಟೆಯ ಆಸುಪಾಸಿನ ದಾರಿ. ಬೆನ್ಸನ್ ಊರಿನ ತನಕ ಐ-10 ಹೆದ್ದಾರಿ, ಅಲ್ಲಿಂದ 80ನೇ ಹೆದ್ದಾರಿ. ಅಮ್ಮನಿಗಾಗಿ ನಿಲ್ಲಿಸಿಕೊಂಡು ಬಂದರೆ ನಾಲ್ಕೂವರೆ ಎಂದಿಟ್ಟುಕೊಳ್ಳಿ. ಮೊದಲ ದಿನ ವಸ್ತುಸಂಗ್ರಹಾಲಯ, ಮರುದಿನ ಬೆಳಿಗ್ಗೆ ಗಣಿ. ಊರಿಗೆ ಮುಂಚೆ ಒಂದು ಸುರಂಗ ಬರುತ್ತದೆ, ದಾಟಿದ ಕೂಡಲೇ ಹಳೆಯ ಊರಿನ ದಾರಿ. ವೇಗ ತಗ್ಗಿಸಿ, ಇಲ್ಲವಾದರೆ ನೇರ ಲ್ಯಾವೆಂಡರ್ ಪಿಟ್ ಮುಂದೆ ಹೋಗಿ ನಿಲ್ಲುತ್ತೀರಿ.